ಆವಕ ಪುಸ್ತಕದ ನರಕೋಶಗಳು

ದಾಂಡೇಲಿಯ ನರಕೋಶ ಅಧ್ಯಯನ ಕೇಂದ್ರದಲ್ಲಿ, ಪ್ರಬಂಧವನ್ನು, ಬಂದ ಕಾಗದಪತ್ರ ದಾಖಲಿಸುವ ಆವಕ ಪುಸ್ತಕದಲ್ಲಿ ಸಹಿ ಹಾಕಿ ಪಡೆದವರೇ ಅದರ ಲೇಖಕರು ಎಂಬುದು ಸ್ಥಾಪನೆಯ ದಿನದಿಂದ ಜಾರಿಯಲ್ಲಿರುವ ನಿಯಮ. ಹೀಗಾಗಿ ನಿರ್ದೇಶಕ ಮಹಾಂತಪ್ಪನವರು ಸೂಕ್ಷ್ಮದರ್ಶಕ ಮುಟ್ಟದೆಯೇ ಇನ್ನೂರ ಹದಿನಾಲ್ಕು ಪ್ರಬಂಧಗಳ ಲೇಖಕರಾಗಿದ್ದರು.

ಪಕ್ಕದ ಸಾಂಬ್ರಾಣಿ ಊರಿನಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ ನೀಲಂಗೆ ಇದು ಗೊತ್ತಿರಲಿಲ್ಲ. ಪಿಎಚ್‌ಡಿ ಸಿಗಬೇಕಾದರೆ ಅವಳ ಹೆಸರಿನಲ್ಲಿ ಒಂದು ಪ್ರಬಂಧ ಅಚ್ಚಾಗಬೇಕಿತ್ತು. ಅದಕ್ಕಾಗಿ ನಾಲ್ಕು ವರ್ಷ ಇಲಿಯ ಮೆದುಳು ಕೊಯ್ದು ಕಣ್ಣು ಕೆಡಿಸಿಕೊಂಡಿದ್ದಳು, ಹುಚ್ಚಿ. ಕೆಲವು ನರಕೋಶಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತಯಾರಿಸಿ ಪಕ್ಕದವಕ್ಕೆ ಸುದ್ದಿ ಮುಟ್ಟಿಸುತ್ತವೆ. ಅವನ್ನು ಗುರುತಿಸಲು ಕೇಂದ್ರದವರು, ಆ ರಾಸಾಯನಿಕವನ್ನು ಒಡೆಯುವ ಕಿಣ್ವಕ್ಕೆ ಕಂದು ಬಣ್ಣ ಹಿಡಿಸುತ್ತಿದ್ದರು. ಆದರೆ ಆ ಕಿಣ್ವ ಸುದ್ದಿ ಪಡೆಯುವ ಕೋಶಗಳಲ್ಲೂ ಇರುತ್ತದೆ. ನೀಲಂ ರಾಸಾಯನಿಕವನ್ನು ತಯಾರಿಸುವ ಕಿಣ್ವವನ್ನೇ ಹುಡುಕಿ ನೋಡಿದಳು. ಕಂದಾಗಿದ್ದ ನೂರು ಕೋಶಗಳಲ್ಲಿ ಅರವತ್ತು ಏನನ್ನೂ ತಯಾರಿಸುತ್ತಿರಲಿಲ್ಲ.

"ಸರ್, ಇವು ಬರೇ ತಗೊಳ್ಳೂವು ರೀ. ಮಾಡೂವಲ್ಲ," ಎಂದಳು.

ಮಹಾಂತಪ್ಪನವರ ಮುಖ ಸಣ್ಣದಾಯಿತು. "ನೋಡವಾ, ತಗೊಂಡಾಂವ ಮಾಡಿದಾಂವ ಅಲ್ಲ ಅಂದ್ರ ಈ ಕೇಂದ್ರದಾಗ ಯಾರು ಉಳೀತಾರ?"

ಸಂಜೆಯೊಳಗೆ ಸುತ್ತೋಲೆ ಹೊರಟಿತು: "ಸ್ವೀಕರಿಸುವ ಕೋಶಗಳನ್ನು ಇನ್ನು ಮುಂದೆ ತಯಾರಕ ಕೋಶಗಳೆಂದೇ ಪರಿಗಣಿಸತಕ್ಕದ್ದು. ತಪ್ಪಿದ ಕೋಶಗಳ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು." ಅದರಂತೆ ನೀಲಂಳ ಪ್ರಬಂಧದ ತೀರ್ಮಾನವನ್ನೂ ತಿದ್ದಿ, ತಯಾರಕ ಕೋಶಗಳನ್ನು ನೂರಕ್ಕೆ ನೂರು ಮಾಡಲಾಯಿತು.

ಅಚ್ಚಿಗೆ ಸಿದ್ಧವಾದ ಪ್ರತಿಯಲ್ಲಿ ಹತ್ತು ಮಂದಿ ಲೇಖಕರಿದ್ದರು. ನಿರ್ದೇಶಕರು, ಉಪನಿರ್ದೇಶಕರು, ಆವಕ ಗುಮಾಸ್ತ ಮೌನೇಶ, ಕೊನೆಗೆ ಗೇಟಿನಲ್ಲಿ ಲಕೋಟೆ ಇಸಿದುಕೊಂಡ ಕಾವಲುಗಾರ. ನೀಲಂ ಎಲ್ಲೂ ಇರಲಿಲ್ಲ. ಅವಳು ನೇರ ಮೌನೇಶನ ಟೇಬಲ್ಲಿಗೆ ಹೋದಳು.

"ಮೌನೇಶಣ್ಣಾ, ನನ್ನ ಹೆಸರೆಲ್ಲೈತಿ?"

"ನೀವು ಬರೇ ಬರದೀರಿ ಮೇಡಂ. ಅದು ನಿಮ್ಮ ಟೇಬಲ್ಲಿಗೆ ಬಂದಿಲ್ಲಲ್ರಿ," ಎಂದ ಮೌನೇಶ, ನಿಜವಾದ ಕನಿಕರದಿಂದ. "ಮಾಹಿತಿಗಾಗಿ ಅಂತ ಒಂದು ಪ್ರತಿ ಕಳಸ್ತೇನಿ. ಸಹಿ ಹಾಕಿ ತಗೋರಿ, ಹನ್ನೊಂದನೇ ಹೆಸರು ನಿಮ್ಮದಽ ಬರತೈತಿ."

"ಅದರಾಗ ಸುಳ್ಳ ಐತಿ."

"ಅದನ್ನ ನೀವು ಬರದಿಲ್ಲಲ್ರಿ! ತಗೊಂಡೀರಿ ಅಷ್ಟ."

ಪ್ರತಿ ಬಂದಾಗ ನೀಲಂ ತಿದ್ದಿದ ತೀರ್ಮಾನವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಸಹಿ ಹಾಕಿದಳು.

ಪದವಿ ಬಂತು, ನೌಕರಿಯೂ ಅಲ್ಲೇ ಆಯಿತು. ಈಗ ವಿದ್ಯಾರ್ಥಿಗಳ ಪ್ರಬಂಧಗಳು ಮೊದಲು ಡಾಕ್ಟರ್ ನೀಲಂ ಅವರ ಟೇಬಲ್ಲಿಗೆ ಬರುತ್ತವೆ. ಈ ವರ್ಷ ಅವರು ಮೂವತ್ತೊಂದು ಬರೆದಿದ್ದಾರೆ.