ಆನೇಮಹಲ್‌ನ ಫ್ರಿಜ್ಜಿನಲ್ಲಿ ಮನುಷ್ಯರ ಪ್ರೋಟೀನು

ಊರಿಗೆಲ್ಲ ಹಬ್ಬ ಹುಣ್ಣಿಮೆ ಬರುವ ಹಾಗೆ ನನಗೆ ಗೊಂದಲಗಳು ತಪ್ಪದೆ ಬರುತ್ತವೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದ ಕಾಲ. ಸಕಲೇಶಪುರದ ಕಾಲೇಜಿನಲ್ಲಿ ಪಾಠ ಹೇಳುತ್ತ, ಆನೇಮಹಲ್‌ನಲ್ಲಿ ಬಾಡಿಗೆಗಿದ್ದು, ಹಾಸನದ ಒಂದು ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಪ್ರಯೋಗಕ್ಕೆ ಬೇಕಾದ ಪ್ರೋಟೀನು ಶನಿವಾರ ಮಧ್ಯಾಹ್ನ ಬಂತು. ಲ್ಯಾಬು ತೆಗೆಯುವುದು ಸೋಮವಾರ. ಅಲ್ಲಿಯವರೆಗೆ ಅದು ತಣ್ಣಗಿರಬೇಕು. ಬೆಚ್ಚಗಾದರೆ ನನ್ನ ಪಿಎಚ್.ಡಿ.ಗೆ ಎಳ್ಳುನೀರು.

೧. ಖಾಲಿ ಸೀಸೆ

ಕೊರಿಯರ್‌ನವನ ಎದುರೇ ಥರ್ಮಕೋಲ್ ಡಬ್ಬಿ ಬಿಚ್ಚಿದೆ. ಐಸ್ ಪೊಟ್ಟಣಗಳ ನಡುವೆ ಕಿರುಬೆರಳಿನಷ್ಟು ಸೀಸೆ. ಅವನು ಬೆಳಕಿಗೆ ಹಿಡಿದು ನೋಡಿ ಬೆವರಿದ.

“ಸಾರ್, ಮಾಲು ಯಾರೋ ಎತ್ತವ್ರೆ. ನನ್ ಮೇಲೆ ಹಾಕ್ಬ್ಯಾಡಿ.”

“ತಳದಲ್ಲಿ ಬಿಳಿ ಪುಡಿ ಇದೆ ನೋಡಪ್ಪ.”

ಮತ್ತೆ ನೋಡಿದ. ನಾನೂ ನೋಡಿದೆ. ನಿಜ ಹೇಳಬೇಕೆಂದರೆ ನನಗೂ ಸರಿಯಾಗಿ ಕಾಣಲಿಲ್ಲ.

“ಇದಕ್ಕೆ ಇಷ್ಟು ದೊಡ್ಡ ಡಬ್ಬಿನಾ? ಕೆಲಸ ಮುಗುದ್ಮೇಲೆ ನಂಗೆ ಕೊಟ್ಬುಡಿ ಸಾರ್, ಮೀನಿಗಾಯ್ತದೆ” ಎಂದ.

೨. ಯಾರದು?

ಫ್ರಿಜ್ಜಿದ್ದದ್ದು ಮನೆಯೊಡತಿಯ ಅಡುಗೆಮನೆಯಲ್ಲಿ. ಆಕೆ ಲಿಂಗಪೂಜೆ ಮಾಡಿ ವಿಭೂತಿ ಹಚ್ಚದೆ ಕಾಫಿಯನ್ನೂ ಮುಟ್ಟದವರು.

“ಏನದು ಮೇಷ್ಟ್ರೇ?”

“ಮನುಷ್ಯರ ಪ್ರೋಟೀನು” ಎಂದುಬಿಟ್ಟೆ.

“ಯಾರದು?”

“ಯಾರದೂ ಅಲ್ಲಮ್ಮ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾ ಒಳಗೆ ಇಡ್ತಾರೆ. ಆ ಬ್ಯಾಕ್ಟೀರಿಯಾ ಮಾಡಿಕೊಟ್ಟಿದ್ದು ಇದು.”

“ಅಂದ್ರೆ ಹುಳ ಮಾಡಿದ್ದು.”

“ಹೌದು.”

“ಮತ್ತೆ ಮನುಷ್ಯರದು ಅಂದ್ರಿ?”

“ಅದೂ ಹೌದು.”

ಹೇಳುತ್ತ ಹೇಳುತ್ತ ನನಗೇ ಗಲಿಬಿಲಿಯಾಯಿತು. ಆಕೆ ಯೋಚಿಸಿ, ಮೊಸರಿಗೂ ಹುಳವೇ ಕಾರಣವೆಂದು ನಾನೇ ಹಿಂದೊಮ್ಮೆ ಹೇಳಿದ್ದನ್ನು ನೆನೆದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಐಸ್ ಖಾನೆಯಲ್ಲಿಡಲು ಒಪ್ಪಿದರು.

“ನೀವು ಇಲ್ದಾಗ ಅದಕ್ಕೆ ಏನಾದ್ರೂ ತಿನ್ನಾಕೆ ಹಾಕ್ಬೇಕಾ?” ಎಂದು ಕೇಳಿದರು.

೩. ಪಕ್ಕದ ಜಾಗ

ಭಾನುವಾರ ಬೆಳಿಗ್ಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಸೀಸೆಯನ್ನು ಮತ್ತೆ ಥರ್ಮಕೋಲ್ ಡಬ್ಬಿಯ ಐಸಿನಲ್ಲಿಟ್ಟುಕೊಂಡು ಗುಡ್ಡದ ಮೇಲಿನ ಎಸ್ಟೇಟಿಗೆ ಓಡಿದೆ. ಅಲ್ಲಿ ಜನರೇಟರ್ ಇತ್ತು. ಸಾಹುಕಾರರು, “ಇಡಿ ಮೇಷ್ಟ್ರೇ, ಹಂದಿ ಮಾಂಸದ ಪಕ್ಕ ಜಾಗ ಐತೆ” ಎಂದರು. ಸಂಜೆಗೆ ಅವರ ಡೀಸೆಲ್ ಮುಗಿಯಿತು. ಅಷ್ಟರಲ್ಲಿ ನಮ್ಮಲ್ಲಿ ಕರೆಂಟು ಬಂದಿತ್ತು, ಡಬ್ಬಿ ಹಿಡಿದು ವಾಪಸು ಓಡಿಬಂದೆ.

ಮನೆಯೊಡತಿ ಬಾಗಿಲಲ್ಲೇ ತಡೆದರು. “ಎಲ್ಲಿತ್ತು ಇದು?”

ನನಗೆ ಸುಳ್ಳು ಹೇಳಲು ಬರುವುದಿಲ್ಲ.

“ಮನುಷ್ಯರದು ಅಂದ್ರಿ, ಒಳಗೆ ಬುಟ್ಟೆ. ಹುಳದ್ದು ಅಂದ್ರಿ, ಆಗ್ಲೂ ಬುಟ್ಟೆ. ಹಂದಿ ಪಕ್ಕ ಮಲಗೆದ್ದು ಬಂದಿದ್ದನ್ನ ಹೆಂಗ್ ಬುಡಾದು ಕಣ್ರೀ?”

೪. ಹೊರಗಿನ ಪುಡಿ

ನನ್ನ ಕೈಯಲ್ಲಿದ್ದ ಡಬ್ಬಿಯಲ್ಲಿ ಐಸು ಕರಗುತ್ತಿತ್ತು. ಅಳುವುದೊಂದು ಬಾಕಿ. ಮುಖ ನೋಡಿ ಆಕೆಗೆ ಕರುಣೆ ಬಂತು, ಒಳಗಿಂದ ವಿಭೂತಿ ತಂದರು.

“ಸೀಸೆ ಮುಚ್ಚಳ ತೆಗೀರಿ, ಒಳಗೂ ಒಂದ್ ಚಿಟಿಕೆ ಹಾಕ್ತೀನಿ.”

ಸೀಸೆಯನ್ನು ಎರಡೂ ಕೈಯಿಂದ ಎದೆಗವಚಿಕೊಂಡೆ. ಬಹಳ ಬೇಡಿಕೊಂಡ ಮೇಲೆ ಹೊರಗೆ ಮಾತ್ರ ದಪ್ಪಗೆ ಮೂರು ಗೆರೆ ಎಳೆದು ಒಳಗೆ ಬಿಟ್ಟುಕೊಂಡರು.

ಸೋಮವಾರ ಹಾಸನದಲ್ಲಿ ನಮ್ಮ ಗೈಡು ಸೀಸೆಯನ್ನು ಬೆಳಕಿಗೆ ಹಿಡಿದು ಹೌಹಾರಿದರು. “ಏನ್ರೀ ಇದು, ಒಳಗೆ ಏನೂ ಕಾಣ್ತಿಲ್ಲ, ಪುಡಿಯೆಲ್ಲ ಹೊರಗೇ ಬಂದಿದೆ!”

ನಾನು ಬಾಯಿ ತೆರೆಯುವುದರೊಳಗೆ ಅವರು ಉಸಿರು ಬಿಗಿಹಿಡಿದು, ವಿಭೂತಿಯನ್ನು ಒಂದು ಕಣವೂ ಬಿಡದೆ ಕೆರೆದು ಬೇರೆ ಸೀಸೆಗೆ ತುಂಬಿಯಾಗಿತ್ತು. ಆಮೇಲೆ ಅದು ವಿಭೂತಿ ಎನ್ನಲು ನನಗೆ ಧೈರ್ಯ ಬರಲಿಲ್ಲ. ಒಳಗಿದ್ದ ಪ್ರೋಟೀನು ಚೆನ್ನಾಗಿಯೇ ಕೆಲಸ ಮಾಡಿತು, ನನಗೆ ಪಿಎಚ್.ಡಿ.ಯೂ ಬಂತು. ಹೊರಗಿನದನ್ನು ಮಾತ್ರ ಅವರು ಮುಂದಿನ ವಿದ್ಯಾರ್ಥಿಗೆಂದು ಫ್ರೀಜರಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.