ಸ್ಕೆರಿಯ ಕಾಲಿನ ಗುಟ್ಟು

ಡೇಮಿಯನ್ ಸ್ಕೆರಿಯ ಕಾಲಿಗೆ ಆಪತ್ತು ಬಂದದ್ದು ಎದುರಾಳಿ ತಂಡದಿಂದಲ್ಲ, ಕಸದ ಡಬ್ಬದಿಂದ.

ಮೆಲ್ಬರ್ನಿನ ಪಶ್ಚಿಮದ ಆ ಬೀದಿಯಲ್ಲಿ ಕೆಂಪು ಮುಚ್ಚಳದ ಡಬ್ಬವನ್ನು ವಾರವಾರವೂ ಹೊರಗಿಡಬೇಕು. ಅದರ ಜೊತೆಗೆ ಒಂದು ವಾರ ಹಸಿರು ಮುಚ್ಚಳದ್ದು, ಇನ್ನೊಂದು ವಾರ ಹಳದಿಯದ್ದು. ಯಾವ ವಾರ ಯಾವುದೆಂದು ನೆನಪಿಡುವ ಉಸಾಬರಿಗೆ ಬೀದಿಯಲ್ಲಿ ಯಾರೂ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಗ್ಲೆನಿಸಜ್ಜಿ ಹಿಂದಿನ ಸಂಜೆ ಯಾವುದನ್ನು ಎಳೆದು ತರುತ್ತಾಳೋ ಅದನ್ನೇ ಎಲ್ಲರೂ ಎಳೆದು ತರುವುದು. ಅಷ್ಟೊಂದು ನಂಬಿಕೆಯನ್ನು ಆ ಬೀದಿಯವರು ಪ್ರಧಾನಮಂತ್ರಿಯ ಮೇಲೂ ಇಟ್ಟಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಕಸದ ಲಾರಿ ತಿರುವಿನಲ್ಲಿ ಗುರುಗುಟ್ಟುತ್ತಿರುವಾಗ ಅಜ್ಜಿ ನೈಟಿಯಲ್ಲೇ ಓಡಿ ಬಂದು, ಹಸಿರು ಡಬ್ಬವನ್ನು ಒಳಕ್ಕೆಳೆದು ಹಳದಿಯದನ್ನು ತಂದಿಟ್ಟಳು. ಕಿಟಕಿಯಿಂದ ನೋಡಿದ ಬೀದಿಗೆ ಬೀದಿಯೇ ಚಡ್ಡಿ ಬನಿಯನ್ನುಗಳಲ್ಲಿ ಹೊರಬಿತ್ತು. ಸ್ಕೆರಿಯೂ ಹವಾಯಿ ಚಪ್ಪಲಿಯಲ್ಲೇ ಓಡಿದ. ಚಪ್ಪಲಿ ಜಾರಿತು, ಡಬ್ಬ ಒಂದು ಕಡೆ, ಕಾಲು ಇನ್ನೊಂದು ಕಡೆ ಹೋಯಿತು. ತೊಡೆಯ ಹಿಂದೆ ಏನೋ ಚಳಕ್ಕೆಂದಿತು. ಉಳಿದವರೆಲ್ಲ ತಂತಮ್ಮ ಡಬ್ಬಗಳ ಹಿಂದೆ ಓಡುತ್ತಿದ್ದುದರಿಂದ ಅದನ್ನು ನೋಡಿದ್ದು ಅಜ್ಜಿಯೊಬ್ಬಳೇ.

"ಅಯ್ಯೋ ಮಗಾ, ಬಿದ್ಯಾ?" ಬೇಲಿಯಾಚೆಯಿಂದ ಅಜ್ಜಿ ಕೂಗಿದಳು.

"ಏನಿಲ್ಲ ಗ್ಲೆನಿಸ್! ಸುಮ್ನೆ ಕೂತ್ಕೊಂಡೆ!" ಎಂದ ಸ್ಕೆರಿ, ಬಾಳೆಹಣ್ಣಿನ ಸಿಪ್ಪೆಗಳ ನಡುವಿನಿಂದ.

ಸ್ಕೆರಿಗೆ ಮೂವತ್ಮೂರು ವರ್ಷ, ಕಸುಬು ಸಾಕರ್ ತಂಡದಲ್ಲಿ ಡಿಫೆಂಡರನದು. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ಗೋಲು ತಡೆದವನ ಹೆಸರು ಯಾರಿಗೂ ನೆನಪಿರುವುದಿಲ್ಲ, ತಡೆಯದೆ ಹೋದ ದಿನ ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ಪರ್ತ್, ಬ್ರಿಸ್ಬೇನ್, ನಡುವೆ ಒಂದು ವರ್ಷ ಮಲೇಷ್ಯಾ, ಹೀಗೆ ಹೆಂಡತಿ ರೊವೀನಾ ಗಂಟುಮೂಟೆ ಕಟ್ಟಿ ಬಿಚ್ಚಿ ಸುಸ್ತಾದ ಮೇಲೆ ಹುಟ್ಟಿದೂರಿನ ಸಣ್ಣ ಕ್ಲಬ್ಬೊಂದಕ್ಕೆ ಬಂದು ನೆಲೆ ನಿಂತಿದ್ದ. ಈಗ ಅಲ್ಲಿನ ಒಪ್ಪಂದವೂ ಮುಗಿಯುತ್ತಿತ್ತು. ಕ್ಲಬ್ಬಿನಲ್ಲಿ ವಯಸ್ಸಾದ ಡಿಫೆಂಡರುಗಳು ಇಬ್ಬರು, ಇವನೂ ಬಾರಿಚ್ಚನೂ. ಮುಂದಿನ ವರ್ಷಕ್ಕೆ ಉಳಿಯುವ ಜಾಗ ಒಂದೇ. ಇವತ್ತಿನ ಅಭ್ಯಾಸ ಪಂದ್ಯ ಮುಗಿದೊಡನೆ ತೀರ್ಮಾನ ಹೇಳುತ್ತೇನೆಂದಿದ್ದ ಕೋಚ್ ಹೆಡ್ಲಿ.

ಜಾಗ ತಪ್ಪಿದರೆ ಭಾವಮೈದ ಸಿಲ್ವಿಯೋನ ಕೈಕೆಳಗೆ ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸುವುದೇ ಗತಿ. ಸಿಲ್ವಿಯೋ ಆಗಲೇ ಒಂದು ಜೊತೆ ಮಂಡಿಪಟ್ಟಿ ತಂದು ಗ್ಯಾರೇಜಿನಲ್ಲಿ ತೂಗುಹಾಕಿದ್ದ. "ಭಾವಾ, ಹದಿನೈದು ವರ್ಷ ನಿಂತು ದುಡಿದೆ, ಇನ್ನು ಮಂಡಿಯೂರು!" ಎಂದು ಪ್ರತಿ ಭಾನುವಾರದ ಊಟದಲ್ಲೂ ನಗುತ್ತಿದ್ದ. ಆ ನಗೆ ನೆನೆದರೇ ಸ್ಕೆರಿಗೆ ಅನ್ನ ಸೇರುತ್ತಿರಲಿಲ್ಲ.

"ಕೋಚಿಗೆ ಹೇಳ್ಬಿಡಿ, ಕಾಲು ಉಳುಕಿದೆ ಅಂತ," ಎಂದಳು ರೊವೀನಾ.

"ನಿಂಗೇನು ಹುಚ್ಚಾ? ಮೂವತ್ತು ದಾಟಿದೋನು ಅಯ್ಯೋ ಅಂದ್ರೆ ಸಾಕು, ಸೀದಾ ಬಚ್ಚಲುಮನೆಗೇ ಕಳಿಸ್ತಾರೆ!"

ಬಿಗಿಯಾಗಿ ಪಟ್ಟಿ ಸುತ್ತಿಕೊಂಡು, ನೋವಿನ ಮಾತ್ರೆ ನುಂಗಿ ಸ್ಕೆರಿ ಮೈದಾನಕ್ಕೆ ಹೋದ. ಮಾರನೆಯ ದಿನ ಫುಟಿಯ, ಅಂದರೆ ಮೊಟ್ಟೆಯಾಕಾರದ ಚೆಂಡಿನಲ್ಲಾಡುವ ಆಸ್ಟ್ರೇಲಿಯಾದ ಫುಟ್‌ಬಾಲಿನ, ಫೈನಲ್ಲಾದ್ದರಿಂದ ಊರಿಗೆಲ್ಲ ರಜೆ. ಮಾಡಲು ಕೆಲಸವಿಲ್ಲದ ಅರ್ಧ ಬೀದಿ ಬೇಲಿಗೊರಗಿ, ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ತಿನ್ನುತ್ತ ನಿಂತಿತ್ತು. ಬಾರಿಚ್ ಕಾಣಿಸಲಿಲ್ಲ. ಸ್ಕೆರಿಗೆ ಜೀವ ಬಂದಂತಾಯಿತು. ತಿರುಗಿ ನೋಡಿದರೆ ಗ್ಲೆನಿಸಜ್ಜಿ, ಕೈಯಲ್ಲಿ ಮಂಜುಗಟ್ಟಿದ ಬಟಾಣಿಯ ಚೀಲ.

"ಮಗಾ, ಇದನ್ನ ತೊಡೆಗೆ ಒತ್ಕೋ! ಊತ ಇಳಿಯುತ್ತೆ!"

ಸ್ಕೆರಿ ಆ ಚೀಲ ಕಸಿದು ಅಂಗಿಯೊಳಗೆ ತುರುಕಿಕೊಂಡ. "ಗ್ಲೆನಿಸ್, ನಿಮಗೆ ಕೈ ಮುಗೀತೀನಿ. ನಾನು ಬಿದ್ದದ್ದು ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ಯಾರು ಏನೇ ಕೇಳಲಿ, ಸಾಯೋವರೆಗೆ ಬಾಯಿ ಬಿಡ್ಬೇಡಿ."

ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಊರಿಗೆಲ್ಲ ಸಾರುವ ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡಳು. "ಇಲ್ಲೀವರೆಗೆ ಯಾರೂ ನನ್ನನ್ನ ನಂಬಿ ಒಂದು ಗುಟ್ಟು ಹೇಳಿರ್ಲಿಲ್ಲ ಕಂದಾ," ಎಂದಳು. ಸ್ಕೆರಿಗೆ ಧೈರ್ಯ ಸಾಲಲಿಲ್ಲ. ಈ ಬಾಯಿ ಎಷ್ಟು ಹೊತ್ತು ಮುಚ್ಚಿದ್ದೀತು?

ಪಂದ್ಯ ಶುರುವಾಯಿತು. ಓಡುವಂತಿಲ್ಲ, ತಿರುಗುವಂತಿಲ್ಲ. ಸ್ಕೆರಿ ಗೋಲಿನ ಮುಂದೆ ಕಂಬದಂತೆ ನಿಂತು ಕೈಬಾಯಿಗಳಿಂದಲೇ ಆಡತೊಡಗಿದ. "ನೀನು ಎಡಕ್ಕೆ! ನೀನು ಹಿಂದಕ್ಕೆ! ಏಯ್, ಅವನನ್ನ ಬಿಡ್ಬೇಡ್ವೋ!" ಹುಡುಗರು ಅವನು ಹೇಳಿದತ್ತ ಓಡಿ ಓಡಿ ಬೆವರಿದರು. ಚೆಂಡು ಎರಡು ಸಲ ತಾನಾಗಿಯೇ ಬಂದು ಅವನ ಹಣೆಗೆ ಬಡಿದು ಹೊರಹೋಯಿತು. ಒಮ್ಮೆ ಹೊಟ್ಟೆಗೆ ಬಡಿದು ಬಟಾಣಿ ಚೀಲ ಒಡೆದು, ಹಸಿರು ಕಾಳುಗಳು ಚಡ್ಡಿಯ ಕೆಳಗಿನಿಂದ ಒಂದೊಂದಾಗಿ ಉದುರಿದವು. ಪುಣ್ಯಕ್ಕೆ ಹುಲ್ಲೂ ಹಸಿರಾಗಿತ್ತು.

"ನೋಡ್ರೋ, ಅನುಭವ ಅಂದ್ರೆ ಇದು! ಒಂದು ಹೆಜ್ಜೆ ದಂಡ ಮಾಡಲ್ಲ!" ಎಂದು ಕೋಚ್ ಹೆಡ್ಲಿ ಕೂಗುವುದು ಕೇಳಿಸಿತು. ಸ್ಕೆರಿಗೆ ಬೆವರಿನ ಜೊತೆ ಆಸೆಯೂ ಮೂಡಿತು. ಇನ್ನೈದು ನಿಮಿಷ ಹೀಗೇ ನಿಂತುಬಿಟ್ಟರೆ ಗೆದ್ದೆ.

ಆಗ ಮೂಲೆಯ ನೀಲಗಿರಿ ಮರದಿಂದ ಮ್ಯಾಗ್‌ಪೈ ಹಕ್ಕಿಯೊಂದು ಹಾರಿತು. ವಸಂತ ಬಂತೆಂದರೆ ಗೂಡು ಕಾಯುವ ಗಂಡು ಮ್ಯಾಗ್‌ಪೈಗೆ ದಾರಿಹೋಕರೆಲ್ಲ ಕಳ್ಳರೇ. ಮೈದಾನದಲ್ಲಿ ಎಲ್ಲರೂ ಓಡುತ್ತಿದ್ದಾಗ ಒಬ್ಬನೇ ಒಬ್ಬ ಅಲುಗಾಡದೆ ನಿಂತು ಹೊಂಚುಹಾಕುತ್ತಿರುವುದು ಅದಕ್ಕೆ ಸರಿಕಾಣಲಿಲ್ಲ. ಕೊಕ್ಕು ಟಕ್ಕೆಂದು ಸ್ಕೆರಿಯ ಕಿವಿಗೆ ಬಿತ್ತು.

ಸ್ಕೆರಿ ಓಡಿದ. ಹಕ್ಕಿ ಬೆನ್ನು ಹತ್ತಿತು. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ಇಪ್ಪತ್ತರ ಹುಡುಗರನ್ನು ಹಿಂದೆ ಹಾಕಿ, ಈ ಗೋಲಿನಿಂದ ಆ ಗೋಲಿನವರೆಗೆ ಓಡಿ ಬಲೆಯೊಳಗೆ ನುಗ್ಗಿ ಬಚ್ಚಿಟ್ಟುಕೊಂಡ. ಪರ್ತ್‌ನಲ್ಲಿ ಅವನು ಹರೆಯದಲ್ಲೂ ಹಾಗೆ ಓಡಿರಲಿಲ್ಲ. ಬೇಲಿಯ ಬಳಿ ಚಪ್ಪಾಳೆಯೋ ಚಪ್ಪಾಳೆ. ಬಲೆಯೊಳಗೆ ಬಿದ್ದಿದ್ದ ಸ್ಕೆರಿಗೆ ಮಾತ್ರ ಬೆಳಿಗ್ಗೆ ಉಳುಕಿದ್ದು ಈಗ ಹರಿದೇಹೋದದ್ದು ಸ್ಪಷ್ಟವಾಗಿ ತಿಳಿಯಿತು. ನೋವಿಗೆ ಕಣ್ಣು ಕತ್ತಲೆಗಟ್ಟಿದರೂ ಹಲ್ಲು ಕಿಸಿದು ಕೈಬೀಸಿದ.

ಪಂದ್ಯ ಮುಗಿದ ಮೇಲೆ ಕೋಚ್ ಅವನನ್ನು ಕ್ಯಾಂಟೀನಿನ ಪಕ್ಕದ ತನ್ನ ಕೋಣೆಗೆ ಕರೆದ. ಸ್ಕೆರಿ ಗೋಡೆ ಹಿಡಿದು ಹಿಡಿದು ಒಳಗೆ ಹೋಗಿ ಕುರ್ಚಿಗೆ ಬಿದ್ದ.

"ಡೇಮೋ, ಇವತ್ತಿನ ನಿನ್ನ ಆಟಕ್ಕೆ ಕೈ ಮುಗೀಬೇಕು ಮಾರಾಯ," ಎಂದ ಹೆಡ್ಲಿ. "ಅದಕ್ಕೇ ಈ ಮಾತು ಹೇಳೋಕೆ ನಾಲಿಗೆ ಬರ್ತಿಲ್ಲ. ನಿನ್ನೆ ಬಾರಿಚ್ ಏಣಿಯಿಂದ ಬಿದ್ದು ಕಾಲು ಮುರ್ಕೊಂಡ."

"ಛೆ, ಪಾಪ," ಎಂದ ಸ್ಕೆರಿ, ಸಂತೋಷ ತಡೆಯಲಾರದೆ.

"ಪಾಪ ಅವನಲ್ಲ, ನೀನು. ಗಾಯ ಆದವನನ್ನ ಗುಣ ಆಗೋವರೆಗೂ ಕೈಬಿಡೋ ಹಾಗಿಲ್ಲ ಅನ್ನೋದು ನಮ್ಮ ಕ್ಲಬ್ಬಿನ ನಿಯಮ. ಇದ್ದ ಒಂದು ಜಾಗ ಅವನ ಪಾಲಾಯ್ತು. ನಿಂಗೂ ಒಂಚೂರು ಪೆಟ್ಟಾಗಿದ್ರೆ ಅದೇ ನಿಯಮದಲ್ಲಿ ನಿನ್ನನ್ನೂ ಉಳಿಸ್ಕೋತಿದ್ದೆ. ನಾನೂ ಆಸೆಯಿಂದ ನೋಡ್ತಾ ನಿಂತಿದ್ದೆ. ಆದ್ರೆ ನೀನು ಆ ಓಟ ಓಡ್ಬಿಟ್ಟೆಯಲ್ಲೋ!"

ಸ್ಕೆರಿ ಕುರ್ಚಿಯಿಂದ ಜಿಗಿದ, ಅಯ್ಯೋ ಎಂದು ಮತ್ತೆ ಕೂತ. "ಕೋಚ್, ನನ್ನ ತೊಡೆ ಹರಿದಿದೆ! ಬೆಳಿಗ್ಗೆಯೇ ಬಿದ್ದೆ! ಆಣೆಗೂ ನಿಜ!"

ಹೆಡ್ಲಿ ಬೇಸರದಿಂದ ನಕ್ಕ. "ಊರಲ್ಲಿ ಫುಟಿಯವರು ನಮ್ಮನ್ನ ಆಡ್ಕೊಳೋದೇ ಇದಕ್ಕೆ. ಸಾಕರ್‌ನೋರು ಬೇಕಾದಾಗ ಬಿದ್ದು ಹೊರಳಾಡ್ತಾರೆ ಅಂತ. ನೀನೂ ಶುರು ಮಾಡ್ಬೇಡ."

"ಸಾಕ್ಷಿ ಇದೆ! ಪಕ್ಕದ್ಮನೆ ಗ್ಲೆನಿಸ್ ಕಣ್ಣಾರೆ ನೋಡಿದ್ದಾರೆ! ಅವರ ಬಾಯಲ್ಲಿ ಗುಟ್ಟು ನಿಂತದ್ದೇ ಇಲ್ಲ, ಕೇಳಿ ಬೇಕಾದ್ರೆ!"

ಕೋಚ್ ಬಾಗಿಲು ತೆರೆದು ಅಜ್ಜಿಯನ್ನು ಕರೆದ. "ಏನಮ್ಮಾ, ಇವನು ಬೆಳಿಗ್ಗೆ ಬಿದ್ದು ಕಾಲು ನೋಯಿಸ್ಕೊಂಡನಂತೆ, ಹೌದಾ?"

ಸ್ಕೆರಿ ಕೋಚಿನ ಬೆನ್ನ ಹಿಂದಿನಿಂದ ಹೌದೆನ್ನಿ, ಹೌದೆನ್ನಿ ಎಂದು ತಲೆಯಾಡಿಸಿದ, ಕೈಮುಗಿದ, ತೊಡೆ ತೋರಿಸಿದ. ಮೈದಾನದಲ್ಲಿ ಬೇಡಿಕೊಂಡಂತೆಯೇ ಮತ್ತೆ ಕೈಮುಗಿದದ್ದು ನೋಡಿ ಅಜ್ಜಿಗೆ ಎಲ್ಲ ಅರ್ಥವಾಯಿತು. ಸೆಟೆದು ನಿಂತಳು.

"ಬೀಳೋದಾ? ಡೇಮಿಯನ್ನಾ? ಬೆಳಿಗ್ಗೆಯಿಂದ ಕುದುರೆ ಥರ ಓಡಾಡ್ಕೊಂಡಿದಾನೆ! ಯಾರು ನಿಮಗೆ ಹೇಳಿದ್ದು ಈ ಸುಳ್ಳು?"

ಹೆಡ್ಲಿ ನಿಟ್ಟುಸಿರಿಟ್ಟು ಸ್ಕೆರಿಯ ಕೈಕುಲುಕಿ, ಒಳ್ಳೆಯದಾಗಲಿ ಎಂದು ಹಾರೈಸಿ ಹೊರಟುಹೋದ. ಅಜ್ಜಿ ಸದ್ದಿಲ್ಲದೆ ಒಳಗೆ ಬಂದು, ಕುರ್ಚಿಯಲ್ಲಿ ಕುಸಿದಿದ್ದ ಸ್ಕೆರಿಯ ತಲೆ ಸವರಿದಳು.

"ನೋಡ್ದ್ಯಾ ಕಂದಾ? ಜನ್ಮದಲ್ಲಿ ಮೊದಲ ಸಲ ಒಂದು ಗುಟ್ಟು ಉಳಿಸ್ಕೊಂಡೆ," ಎಂದು ಪಿಸುಗುಟ್ಟಿದಳು. "ನಿನ್ನ ಕಾಲು ಹೇಗಿದೆ ಅಂತ ವಿಚಾರಿಸೋಕೆ ಸಿಲ್ವಿಯೋ ನಂಗೆ ಫೋನ್ ಮಾಡಿದ್ದ, ಅವನಿಗೂ ಹೇಳಿಬಿಟ್ಟಿದೀನಿ. ನಿನ್ನ ಕಾಲು ಕಲ್ಲುಗುಂಡು, ಸೋಮವಾರವೇ ಕೆಲಸಕ್ಕೆ ಬರಬಹುದು ಅಂತ."