ಎರಡು ಹೆಸರಿನ ಹೆಣ್ತಿ, ಒಂದು ವೀಸಾ

ನನ್ನ ಕೆಲಸ ಒಂದೂ ಸೀದಾ ಆಗಂಗಿಲ್ರಿ. ಹೊಸಾ ಚಪ್ಪಲಿ ಹಾಕ್ಕೊಂಡು ಗುಡಿಗೆ ಹೋದ್ರ, ಬರೋವಾಗ ಬ್ಯಾರೇದವರ ಹಳೇ ಚಪ್ಪಲಿ ಮೆಟ್ಟಿಗೊಂಡು ಬರೋ ಮನುಷ್ಯಾ ನಾನು. ಅಂಥಾವಗ ವೀಸಾ ಸರಳ ಸಿಗತೈತೇನು?

ನಾ ಬಸ್ ಕಂಡಕ್ಟರ್. ಬೈಲಹೊಂಗಲದಿಂದ ಮುರಗೋಡ ಮ್ಯಾಲೆ ಹಾದು ಸವದತ್ತಿಗೆ ಹೋಗೋ ಗಾಡಿ ನಂದು. ಮನ್ಯಾಗ ಅವ್ವ, ಅಪ್ಪನ ಅವ್ವ ಅಂದ್ರ ನಮ್ಮ ಆಯಿ, ಮತ್ತ ನಾನು. ಹೆಣ್ತಿ ಸುಜಾತಾ ಕಿತ್ತೂರಾಕಿ, ನರ್ಸ್. ಲಗ್ನಕ್ಕಿಂತ ಮೊದಲ ನ್ಯೂಜಿಲೆಂಡಿನಾಗ ನೌಕರಿ ಹಿಡದಿದ್ಳು. ರಜಾ ಹಾಕಿ ಬಂದ್ಳು, ಲಗ್ನ ಆತು, ಮೂವತ್ತು ದಿವಸ ನಮ್ಮ ಮನ್ಯಾಗ ಇದ್ದು ಹೊಳ್ಳಿ ಹೋದ್ಳು.

ನಾ ಆಕಿ ಕಡೆ ಹೋಗಬೇಕಂದ್ರ ವೀಸಾ ಬೇಕು. ವೀಸಾ ಸಿಗಬೇಕಂದ್ರ ನಮ್ಮದು ಖರೇ ಲಗ್ನ ಅಂತ ಅಲ್ಲಿ ಸಾಹೇಬರಿಗೆ ನಂಬಿಕಿ ಬರಬೇಕು. ಆಕಿ ಇಲ್ದ ನನಗ ಯಾವುದರಾಗೂ ಮನಸ್ಸ ನಿಲ್ಲತಿರಲಿಲ್ಲ, ನಾಚಿಕಿ ಬಿಟ್ಟ ಹೇಳತೇನಿ. ಗಾಡಿ ಸವದತ್ತಿ ಸ್ಟ್ಯಾಂಡಿಗೆ ಬಂದು ನಿಂತಿರತಿತ್ತು, ನಾ ಇನ್ನೂ "ಮುರಗೋಡ ಇಳಿಯಾವ್ರು ಯಾರ್ರಿ" ಅಂತ ಒದರತಿದ್ದೆ.

ಬಾಸಿಂಗದ ಹಿಂದ

ಮೊದಲಿಗೆ ಗಂಡ-ಹೆಣ್ತಿ ಕೂಡಿ ಇರೋ ಫೋಟೋ ಕಳಸ್ರಿ ಅಂದ್ರು. ಇದೇನ್ ದೊಡ್ಡ ಕೆಲಸ ಅಂತ ಲಗ್ನದ ಅಲ್ಬಮ್ ತಗದು ಕುಂತೆ. ಅಕ್ಕಿಕಾಳ ಹಾಕೋ ಫೋಟೋದಾಗ ನಂದು ಬಾಸಿಂಗ, ಮ್ಯಾಲೆ ಹೂವಿನ ದಂಡಿ. ಬಾಸಿಂಗದ ಹಿಂದ ನಾ ಇದ್ದೇನಿ ಅಂತ ನನಗಷ್ಟ ಗೊತ್ತು. ಆ ಮ್ಯಾಲಿನ ಫೋಟೋದಾಗ ಮಾರಿ ಕಾಣತೈತಿ ಖರೆ, ಆದ್ರ ನಮ್ಮಿಬ್ಬರ ನಡುವ ಯಾರರ ಒಬ್ಬರು ಆಹೇರಿ ಕವರ್ ಹಿಡಕೊಂಡು ನಿಂತಾರ. ಒಂದರಾಗಂತೂ ನಮ್ಮ ಡ್ರೈವರ್ ಆಕಿ ಬಾಜೂಕ ನಿಂತು ಹಲ್ಲ ಕಿಸದಾನ, ನಾ ಮೂಲ್ಯಾಗ. ಅದನ್ನ ಕಳಿಸಿದ್ರ ವೀಸಾ ಅಂವಗ ಸಿಗತಿತ್ತು.

ಕಡೀಕ ಇಬ್ಬರ ಇರೋದು ಒಂದು ಸಿಕ್ಕತು. ಭಾಳ ಛಲೋ ಬಂದಿತ್ತು. ನಾನು ಆಕಿ ಕೈ ಹಿಡದು ನಿಂತೇನಿ, ಹಿಂದ ಬರ್ಫಿನ ಗುಡ್ಡ, ಮುಂದ ನೀಲಿ ಕೆರಿ. ಎಲ್ಲಾ ನೇಸರಗಿ ಸ್ಟುಡಿಯೋದಾಂವ ಕಂಪ್ಯೂಟರಿನಾಗ ಕುಂದ್ರಿಸಿದ್ದು. ಖುಷಿಲೆ ಹೆಣ್ತಿಗೆ ಕಳಿಸಿ, "ಇದನ್ನ ಹಾಕ್ಲೇನ?" ಅಂತ ಕೇಳಿದೆ.

ಆಕಿ ಕೂಡಲೇ ಫೋನ್ ಮಾಡಿದ್ಳು. "ಏನ್ರೀ, ಆ ಗುಡ್ಡ ನಮ್ಮ ಆಸ್ಪತ್ರಿ ಕಿಡಕ್ಯಾಗಿಂದ ಕಾಣತೈತ್ರಿ. ಇದನ್ನ ಕೊಟ್ರ, ವೀಸಾ ಇಲ್ದ ಆಗಲೇ ಒಮ್ಮೆ ಹೆಂಗ ಬಂದ್ ಹೋದ್ರಿ ಅಂತ ಹಿಡಕೊಂತಾರ."

ಊಟ ಆತ?

ಆ ಮ್ಯಾಲೆ, ನೀವಿಬ್ಬರು ದಿನಾ ಮಾತಾಡತೀರಿ ಅನ್ನೋದಕ್ಕ ಪುರಾವೆ ಬೇಕು, ಮೊಬೈಲಿನ ಮೆಸೇಜ್ ಪ್ರಿಂಟ್ ತಗದು ಹಚ್ಚರಿ ಅಂದ್ರು. ಮೆಸೇಜಿಗೇನ್ ಬರ ಅಂತ ತಹಶೀಲ್ದಾರ ಕಚೇರಿ ಮುಂದಿನ ಆನ್‌ಲೈನ್ ಸೆಂಟರಿಗೆ ಹೋಗಿ ಮೊಬೈಲ್ ಕೊಟ್ಟೆ. ಒಳಗ ಪ್ರೀತಿ ಮಾತು ಏನರ ಇದ್ದೀತು ಅಂತ ಅಂಜಿ ಮಾರಿ ಹೊರಳಿಸಿ ನಿಂತಿದ್ದೆ.

ಅಂಜೋದು ಬೇಕಾಗಿದ್ದಿಲ್ಲ. "ಊಟ ಆತ?" "ಆತು. ನಿಮ್ಮದು?" "ಆತು. ಏನ್ ಮಾಡಿದ್ದಿ?" "ಅನ್ನ ಸಾರು. ನೀವು?" "ರೊಟ್ಟಿ, ಬದನಿಕಾಯಿ." ಮರುದಿವಸ ಮತ್ತ "ಊಟ ಆತ?" ಹಬ್ಬದ ದಿವಸಷ್ಟ ಹೋಳಿಗಿ ಅಂತ ಒಂದು ಬದಲಾವಣಿ. ವರ್ಷದ್ದು ಪೂರಾ ಇದ.

ಸೆಂಟರಿನಾಂವ ಕಾಗದ ಒಟ್ಟತಾ ಒಟ್ಟತಾ ನನ್ನ ಮಾರಿ ನೋಡಿದಾ. "ಸರ್ರ, ತಪ್ಪ ತಿಳ್ಕೋಬ್ಯಾಡ್ರಿ. ಈ ಫೈಲಿಗೆ ಗಂಡ-ಹೆಣ್ತಿ ಅಂತ ಹೆಸರ ಕೊಡ್ಲೋ, ಖಾನಾವಳಿ ಅಂತ ಕೊಡ್ಲೋ?"

ಚಕ್ಕುಬಂದಿ

ಲಗ್ನ ಕಣ್ಣಾರೆ ನೋಡಿದ ಹಿರಿಯರಿಬ್ಬರ ಪತ್ರ ಬೇಕಂದ್ರು. ಒಂದು ಅವ್ವ ಹೇಳಿದ್ಳು, ನಾ ಬರಕೊಂಡೆ. ಇನ್ನೊಂದು ರಾಮದುರ್ಗದಾಗ ಇರೋ ನಮ್ಮ ಕಾಕಾಂದು. ಅಂವ ಹುಟ್ಟಿದಾಗಿಂದ ಬಾಂಡ್ ರೈಟರ್. ಹೊಲದ ಖರೀದಿ ಪತ್ರ ಬಿಟ್ರ ಜೀವನದಾಗ ಬ್ಯಾರೇ ಏನೂ ಬರದಿಲ್ಲ. ಹಿಂಗಿಂಗ ಕಾಕಾ, ನಾಲ್ಕ ಸಾಲು ಬರದುಕೊಡು ಅಂದ್ರ ಮೂರು ಪಾನು ಬರದು ಕಳಿಸಿದಾ.

"ಸದರಿ ಲಗ್ನವು ಯಾರ ಒತ್ತಾಯವಿಲ್ಲದೆ, ಬುದ್ಧಿ ಸ್ವಾಧೀನದಲ್ಲಿದ್ದು, ರಾಜಿಖುಷಿಯಿಂದ ಆಗಿರುತ್ತದೆ. ಸದರಿ ಲಗ್ನದ ಮೇಲೆ ಯಾವುದೇ ಬೋಜಾ, ತಂಟೆ, ತಕರಾರು ಇರುವುದಿಲ್ಲ. ಮುಂದೆ ಯಾರಾದರೂ ಹಕ್ಕು ಸಾಧಿಸಿ ಬಂದಲ್ಲಿ ನಾನೇ ಮುಂದೆ ನಿಂತು ನಿವಾರಿಸಿ ಕೊಡತಕ್ಕದ್ದು. ಚಕ್ಕುಬಂದಿ: ಪೂರ್ವಕ್ಕೆ ವರನ ತಾಯಿ, ಪಶ್ಚಿಮಕ್ಕೆ ವಧುವಿನ ತಂದೆ, ಉತ್ತರಕ್ಕೆ ಅಯ್ಯನವರು, ದಕ್ಷಿಣಕ್ಕೆ ಊಟದ ಪಂಕ್ತಿ."

ನಾ ಫೋನ್ ಹಚ್ಚಿ, "ಕಾಕಾ, ಲಗ್ನಕ್ಕ ಚಕ್ಕುಬಂದಿ ಯಾಕಪಾ?" ಅಂದೆ.

"ಹುಚ್ಚ ಅದಿಯೇನ್ ನೀ," ಅಂದಾ, "ನಾಳೆ ಆಜೂಬಾಜೂದವರು ಒತ್ತಿ ಬಂದ್ರ?"

ಪಾರ್ವತಿ ಯಾರು?

ಎಲ್ಲಾ ಇಂಗ್ಲಿಷ್ ಮಾಡಿಸಿ ಕಳಿಸಿ ಎರಡ ತಿಂಗಳಿಗೆ ಉತ್ತರ ಬಂತು. ಅರ್ಜಿಯೊಳಗ ಹೆಣ್ತಿ ಹೆಸರು ಸುಜಾತಾ ಐತಿ, ಹಿರಿಯರ ಎರಡೂ ಪತ್ರದಾಗ ಪಾರ್ವತಿ ಐತಿ. ಪಾರ್ವತಿ ಯಾರು? ಆಕಿಗೆ ಸೋಡಚೀಟಿ, ಅಂದ್ರ ಡೈವೋರ್ಸ್, ಕೊಟ್ಟೀರೇನು? ಸಮಾಧಾನ ಆಗದಿದ್ರ ಅರ್ಜಿ ತಿರಸ್ಕಾರ.

ಆಗಿದ್ದಿಷ್ಟ. ಲಗ್ನದ ದಿವಸ ನಮ್ಮಲ್ಲಿ ತಾಟಿನಾಗ ಅಕ್ಕಿ ಹರವಿ, ಅದರ ಮ್ಯಾಲೆ ಗಂಡನ ಕಡೆಯಿಂದ ಉಂಗುರದಲೆ ಸೊಸಿಗೆ ಹೊಸಾ ಹೆಸರು ಬರಸ್ತಾರ. ಸುಜಾತಾಗ ಪಾರ್ವತಿ ಅಂತ ಇಟ್ಟಿದ್ರು. ಪಾಸ್‌ಪೋರ್ಟಿಗೆ, ನೌಕರಿಗೆ ಸುಜಾತಾ. ಅವ್ವಗ, ಕಾಕಾಗ ಪಾರ್ವತಿ. ಪತ್ರ ನಾನೂ ಓದಿದ್ದೆ, ತಪ್ಪು ಅಂತ ಅನ್ನಿಸಲೇ ಇಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದಾಗಿಂದ ದಿನಾ ಆಧಾರ ಕಾರ್ಡ್ ನೋಡಾಂವ ನಾನು. ಕಾರ್ಡಿನಾಗ ಒಂದು ಹೆಸರು ಇರತೈತಿ, ಹಿಂದಿನ ಸೀಟಿನಾಕಿ ಇನ್ನೊಂದು ಹೆಸರು ಹಿಡದು ಕರೀತಾಳ. ಇಷ್ಟ ನೋಡಿದರೂ ತಲಿಗೆ ಹೊಳೀಲಿಲ್ಲ.

ಹೆಣ್ತಿ ಫೋನ್ ಮಾಡಿ ಗಟ್ಟಿಸಿ ಕೇಳಿದ್ಳು. "ಪಾರ್ವತಿ ಯಾರ್ರೀ?"

"ನೀನ ಅಲ್ಲೇನ?"

"ಅಯ್ಯ, ಹೌದಲ್ಲ" ಅಂದ್ಳು.

ನಾ ಸಂಕಟ ತಡೀಲಾರದ ಡ್ರೈವರಗ ಹೇಳಿದೆ. ಅಂವಗ ಹೇಳೋದೂ, ಸಂತ್ಯಾಗ ಡಂಗುರ ಹೊಡಿಸೋದೂ ಒಂದ. ಮರುದಿವಸ ಮುರಗೋಡದಾಗ ಏರಿದ ಅಜ್ಜಿ ಒಬ್ಬಾಕಿ ಟಿಕೆಟ್ ಇಸಗೊಂಡು ನನ್ನ ಕೈ ಹಿಡದ್ಳು. "ತಮ್ಮಾ, ಫಾರಿನ್ ಹೆಣ್ತಿ ಸಿಕ್ಕಾಳಂತ ಆ ಪಾರ್ವತಿಗೆ ಅನ್ಯಾಯ ಮಾಡಬ್ಯಾಡಪಾ."

ತಾಟಿನಾಗಿನ ಅಕ್ಕಿ

ಎರಡೂ ಹೆಸರು ಒಬ್ಬಾಕೀದ ಅಂತ ಖುಲಾಸೆ ಬರದು ಕಳಿಸಿದ ವಾರಕ್ಕ, ನಿಮ್ಮ ತಾಯಿ ಜೋಡಿ ವಿಡಿಯೋ ಕಾಲಿನಾಗ ಮಾತಾಡತೇವಿ ಅಂತ ಬಂತು. ಇದರಾಗ ಎಡವಿದ್ರ ಮುಗೀತು ಅಂತ ನಾ ಅವ್ವಗ ಸಾಲಿ ಹುಡುಗರಂಗ ಪಾಠ ಮಾಡಿಸಿದೆ. "ಯವ್ವಾ, ಯಾರ ಕೇಳಿದ್ರೂ ಸೊಸಿ ಹೆಸರು ಸುಜಾತಾ ಅನ್ನು. ಪಾರ್ವತಿ ಅನ್ನೋದನ್ನ ಮರತಬಿಡು." ಅವ್ವ ರೊಟ್ಟಿ ಬಡೀತಾ ಒಂದೊಂದ ಪೆಟ್ಟಿಗೆ ಸುಜಾತಾ, ಸುಜಾತಾ ಅಂತಿದ್ಳು.

ಆ ದಿವಸ ಮುಂಜಾನೆ ಮೊಬೈಲ್ ಗ್ವಾಡಿಗೆ ಆನಿಸಿ ಇಟ್ಟೆ. ಅವ್ವ ಹೊಸಾ ಇಲಕಲ್ ಸೀರಿ ಉಟ್ಟು ಮುಂದ ಕುಂತ್ಳು, ಬಾಜೂಕ ಆಯಿ. ವೀಸಾ ನೋಡಾಕ ಓಣ್ಯಾಗಿನ ಹೆಣ್ಣುಮಕ್ಕಳೆಲ್ಲಾ ಬಂದು ಹಿಂದ ಕುಂತಿದ್ರು. ಅತ್ತಕಡೆ ಒಬ್ಬಾಕಿ ಆಫೀಸರ್ ಬಾಯಾರು, ಆಕಿ ಇಂಗ್ಲಿಷನ್ನ ಕನ್ನಡದಾಗ ಹೇಳಾಕ ಮೈಸೂರ ಕಡೆ ಹೆಣ್ಣುಮಗಳು.

"ಅಮ್ಮ, ನಿಮ್ಮ ಸೊಸೆ ಹೆಸರೇನು?"

"ಸುಜಾತಾರಿ."

ನನಗ ಹೋದ ಜೀವ ಬಂತು. ಅಷ್ಟರಾಗ ಇನ್ನೊಂದು ಕೇಳಿದ್ಳು. "ನಿಮ್ಮ ಹೆಸರೇನಮ್ಮ?"

ಇದನ್ನ ಪಾಠ ಮಾಡಿಸಿರಲಿಲ್ಲ.

"ಯಾವುದು ಹೇಳ್ಲಿರಿ?" ಅಂದ್ಳು ಅವ್ವ. "ತವರಮನೀದೋ, ಗಂಡನ ಮನೀದೋ?"

ನಾ ತಲಿಮ್ಯಾಲೆ ಕೈ ಇಟಗೊಂಡೆ. ಅವ್ವಗ ಈಗ ಹುರುಪ ಬಂದಿತ್ತು. "ನಮ್ಮಪ್ಪ ಇಟ್ಟಿದ್ದು ನೀಲವ್ವ. ಈ ಮನಿಗೆ ಬಂದ ಮ್ಯಾಲೆ ಗೌರವ್ವ. ಈಕಿ ನಮ್ಮ ಅತ್ತಿ, ಈಕೀದೂ ಎರಡು. ಹೇಳ್ರಿ ಅತ್ತಿ." ಆಯಿ ತನ್ನವೂ ಎರಡ ಹೇಳಿದ್ಳು. ಹಿಂದ ಕುಂತವರು ಬಿಟ್ಟಾರ? ಒಬ್ಬಾಕಿ ಆದ ಮ್ಯಾಲೆ ಒಬ್ಬಾಕಿ ಮುಂದ ಬಾಗಿ, ಸಾಲ್ಯಾಗ ಹಾಜರಿ ಹೇಳಿದಂಗ, ತವರ ಹೆಸರು, ಗಂಡನ ಮನಿ ಹೆಸರು ಹೇಳಾಕ ಹತ್ತಿದ್ರು. ಆಫೀಸರ್ ಬಾಯಾರು ಬರಕೊಳ್ಳೋದು ಬಿಟ್ಟು ನಗಾಕ ಹತ್ತಿದ್ರು. ಕಡೀಕ ಕೇಳಿಸಿದ್ರು, "ಗಂಡಸರಿಗೂ ಹೀಗೆ ಎರಡು ಹೆಸರು ಇಡ್ತೀರಾ?"

"ಇಲ್ರಿ," ಅಂದ್ಳು ಅವ್ವ, "ಅವರು ಇದ್ದದ್ದೊಂದು ಉಳಿಸಿಕೊಂಡ್ರ ಸಾಕಾಗೇತ್ರಿ."

ಹದಿನೈದ ದಿವಸಕ್ಕ ವೀಸಾ ಬಂತು. ಮುರಗೋಡ ಸ್ಟ್ಯಾಂಡಿನಾಗ ನಿಂತು ಮೊಬೈಲಿನಾಗ ನೋಡಿದೆ. ಕಣ್ಣ ತುಂಬಿ ಟಿಕೆಟ್ ಮಷಿನ್ ಕಾಣವಲ್ತಾತು. ಅದ ಅಜ್ಜಿ ಗಾಡ್ಯಾಗ ಇದ್ಳು. "ಪಾರ್ವತೀದು ಏನ್ ಮಾಡಿದಿ?" ಅಂದ್ಳು. "ಆಕಿ ಕಡೆನ ಹೊಂಟೇನಬೇ" ಅಂದೆ. ಅಜ್ಜಿ ನನ್ನ ತಲಿ ಸವರಿದ್ಳು.

ಹೋಗೋ ದಿವಸ ಹೆಣ್ತಿ ವಿಡಿಯೋದಾಗ ಇದ್ಳು. ಚೀಲ ಕಟ್ಟಿತ್ತು, ನಾ ಆಯಿ ಕಾಲಿಗೆ ಬಿದ್ದೆ. ಆಯಿ ಆಶೀರ್ವಾದ ಮಾಡೋದು ಬಿಟ್ಟು ನನ್ನ ಹಿಡದು ಕುಂದ್ರಿಸಿದ್ಳು. "ಲಗ್ನ ಆಗಿ ಆಕಿ ನಿನ್ನ ಮನಿಗೆ ಬಂದಿದ್ಳು. ಈಗ ಆಕಿ ಮನಿಗೆ ಸೊಸಿಯಂಗ ನಡಿಯಾಕ ಹೊಂಟಾಂವ ಯಾರು?"

"ನಾನು."

ಆಯಿ ಅವ್ವನ ಕಡೆ ಹೊರಳಿದ್ಳು. "ಗೌರವ್ವಾ, ತಾಟಿನಾಗ ಅಕ್ಕಿ ಹರವು. ಇವಗೊಂದು ಹೆಸರ ಇಡೂಣು."

ನಾ ನಗಾಕ ಹತ್ತಿದೆ, ಅವ್ವ ಖರೇನ ತಾಟು ತಂದ್ಳು. ಮೊಬೈಲಿನಾಗ ಹೆಣ್ತಿ ಗಾಬರಿ ಬಿದ್ದು ಎರಡೂ ಕೈ ಜೋಡಿಸಿದ್ಳು.

"ಬ್ಯಾಡ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳತೇನಿ. ಆ ಹೆಸರಿನ ಗಂಡ ಎಲ್ಲಿ ಅಂತ ಮತ್ತ ಪತ್ರ ಬರತೈತಿ."